ಕಿವಿ ತೂಗುವ ತಕ್ಕಡಿಗೆ ಮುದ್ರೆ ಹಾಕೋರು ಯಾರು?

ವೀಕ್ಷಕರೇ, ಒಂದು ಪ್ರಶ್ನೆ. ಈಗ ನಿಮ್ಮ ಮನೆಯ ಟಿವಿ ವಾಲ್ಯೂಮ್ ಎಷ್ಟರಲ್ಲಿದೆ? ಹದಿನೈದು? ಇಪ್ಪತ್ತು? ಮೈಸೂರಿನ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಅದು ಅರವತ್ತರಲ್ಲಿರುತ್ತೆ. ರಾತ್ರಿ ಕಾರ್ಯಕ್ರಮದ ಮರುಪ್ರಸಾರ ಬೆಳಗ್ಗೆ ಬರುವ ಹೊತ್ತಿಗೆ ನಾನು ಆ ಬೀದಿಗೆ ಹೋದರೆ, ಮೂಲೆಯಲ್ಲಿ ಗಾಡಿ ನಿಲ್ಲಿಸುವಾಗಲೇ ನನ್ನ ದನಿ ನನಗೇ ಕೇಳಿಸುತ್ತೆ. ಒಳಗೆ ಹೋದರೆ ಬೈಗುಳ ನನಗೇ. "ಬಾಯಲ್ಲಿ ಅಡಿಕೆ ಇಟ್ಕೊಂಡು ನ್ಯೂಸ್ ಓದ್ತೀಯೇನೋ? ಸದ್ದು ಕೇಳುತ್ತೆ, ಮಾತೇ ತಿಳಿಯಲ್ಲ."

ಚಿಕ್ಕಪ್ಪ ಮೂವತ್ತು ವರ್ಷ ಪವರ್‌ಲೂಮ್ ಮುಂದೆ ನಿಂತವರು. ಆ ಮೂವತ್ತು ವರ್ಷದಲ್ಲಿ ಅವರ ಕಿವಿಯನ್ನು ಒಬ್ಬರೂ ಪರೀಕ್ಷೆ ಮಾಡಲಿಲ್ಲ. ಈಗಿನ ಕೆಲಸಗಾರರಿಗೆ ಆ ಪರೀಕ್ಷೆ ಬಂದಿದೆ. ಎಷ್ಟೋ ಕಡೆ ಮಾಡೋದು ಮನುಷ್ಯ ಕೂಡ ಅಲ್ಲ, ಮಿಷಿನ್. ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟರೆ, ಹತ್ತು ನಿಮಿಷದಲ್ಲಿ ಚೀಟಿ ಹೊರಗೆ ಬರುತ್ತೆ. ಆ ಚೀಟಿಯನ್ನು ಎಷ್ಟು ನಂಬಬಹುದು? ಇವತ್ತು ಅದನ್ನೇ ಮಾತಾಡೋಣ. ವಿಷಯ ಸ್ವಲ್ಪ ಟೆಕ್ನಿಕಲ್ಲು. ಆದರೆ ಯಾರ ಮನೆಯಲ್ಲಿ ಫ್ಯಾಕ್ಟರಿಗೆ ಹೋಗೋರು ಇದ್ದಾರೋ ಅವರು ಚಾನೆಲ್ ಬದಲಾಯಿಸಬೇಡಿ.

ಮೊದಲು ಚಿಕ್ಕಪ್ಪನ ದೂರು. "ಸದ್ದು ಕೇಳುತ್ತೆ, ಮಾತು ತಿಳಿಯಲ್ಲ." ಇದು ವಯಸ್ಸಾದವರ ಕಿರಿಕಿರಿ ಅಂದುಕೊಂಡಿದ್ದೆ. ಅಲ್ಲ. ಗದ್ದಲದಿಂದ ಹಾಳಾದ ಕಿವಿಯ ವಿವರಣೆ ಇದಕ್ಕಿಂತ ಚೆನ್ನಾಗಿ ಯಾವ ಡಾಕ್ಟರೂ ಕೊಡಲಾರರು. ಒಂದೊಂದು ಕಿವಿಯ ಒಳಗೆ ಬಸವನಹುಳುವಿನ ಚಿಪ್ಪಿನಂಥ ಭಾಗವೊಂದಿದೆ. ಅದರಲ್ಲಿ ಸುಮಾರು 15 ಸಾವಿರ ಕೂದಲುಕೋಶಗಳು. ಸದ್ದನ್ನು ನರದ ಸಂದೇಶವಾಗಿ ಬದಲಾಯಿಸುವುದು ಅವೇ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಕಾರ್ಖಾನೆಯ ಗದ್ದಲ ಮೊದಲು ಕೊಲ್ಲುವುದು 3,000ದಿಂದ 6,000 ಹರ್ಟ್ಸ್ ನಡುವಿನ ಸದ್ದನ್ನು ಹಿಡಿಯುವ ಕೋಶಗಳನ್ನು. ಪರೀಕ್ಷೆಯ ಗ್ರಾಫ್‌ನಲ್ಲಿ 4,000ದ ಹತ್ತಿರ ಒಂದು ಗುಂಡಿ ಬೀಳುತ್ತೆ, 8,000ಕ್ಕೆ ಬಂದರೆ ಮತ್ತೆ ಸ್ವಲ್ಪ ಮೇಲೇಳುತ್ತೆ. ಬರೀ ವಯಸ್ಸಿನ ಕಿವುಡಾದರೆ ಗೆರೆ ಮೇಲೇಳುವುದಿಲ್ಲ, ಇಳಿಯುತ್ತಲೇ ಹೋಗುತ್ತೆ.

ಈಗ ನಮ್ಮ ಕನ್ನಡವನ್ನೇ ತಗೊಳ್ಳಿ. ಆ, ಈ, ಊ ಅನ್ನೋ ಸ್ವರಗಳ ಬಲ ಕೆಳಗಿನ ಕಂಪನಗಳಲ್ಲಿದೆ. ಸ, ಶ, ಕ, ತ ಇವುಗಳ ಗುರುತು ಬಹುಪಾಲು ಇರೋದು ಮೇಲೆ. ಕಾಸು, ತಾಸು, ಹಾಸು. ನಿಮಗೆ ಮೂರು ಪದ. ಚಿಕ್ಕಪ್ಪನಿಗೆ ಮೂರೂ ಒಂದೇ, "ಆ...ಉ". ವಾಲ್ಯೂಮ್ ಅರವತ್ತಕ್ಕೆ ಏರಿಸಿದರೆ "ಆ...ಉ" ಜೋರಾಗಿ ಕೇಳುತ್ತೆ, ಅಷ್ಟೇ.

ಇದು ನಿಧಾನಕ್ಕೆ ಆಗುವ ಕೆಲಸ. ನೋವಿಲ್ಲ, ರಕ್ತವಿಲ್ಲ, ಮನುಷ್ಯನಿಗೆ ಗೊತ್ತೇ ಆಗಲ್ಲ. ಅದಕ್ಕೇ ವರ್ಷಾವರ್ಷ ಅಳೆಯಬೇಕು ಅಂತ ನಿಯಮ ಮಾಡಿದ್ದು. 2025ರವರೆಗೆ ಜಾರಿಯಲ್ಲಿದ್ದ 1948ರ ಫ್ಯಾಕ್ಟರಿ ಕಾಯ್ದೆಯ ಮೂರನೇ ಶೆಡ್ಯೂಲಿನಲ್ಲಿ ಗದ್ದಲದಿಂದ ಬರುವ ಕಿವುಡು ಒಂದು ಕಾಯಿಲೆಯಾಗಿತ್ತು, ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ. ಆ ಕಾಯ್ದೆಯ ಮಾದರಿ ನಿಯಮಗಳು ಕೊಟ್ಟ ಮಿತಿ ದಿನಕ್ಕೆ 8 ಗಂಟೆ 90 ಡೆಸಿಬಲ್. 95 ಆದರೆ 4 ಗಂಟೆ, 100 ಆದರೆ 2 ಗಂಟೆ. ಮಿತಿ ದಾಟುವ ಜಾಗದಲ್ಲಿ ಕೆಲಸ ಮಾಡುವವನಿಗೆ, ಸೇರಿದ 14 ದಿನದೊಳಗೆ ಒಂದು ಕಿವಿ ಪರೀಕ್ಷೆ, ಆಮೇಲೆ 12 ತಿಂಗಳಿಗೆ ಒಮ್ಮೆಯಾದರೂ ಇನ್ನೊಂದು.

(ನಡುವೆ ಒಂದು ಮಾತು. ಈ 90ರ ಮಿತಿಯೇ ಉದಾರವಾಯಿತು ಅನ್ನುವವರಿದ್ದಾರೆ, ನಾನೂ ಅವರ ಕಡೆ. ಸದ್ದಿನ ಶಕ್ತಿ ಪ್ರತಿ 3 ಡೆಸಿಬಲ್‌ಗೆ ದುಪ್ಪಟ್ಟಾಗುತ್ತೆ. ಅಮೆರಿಕದ ನಿಯೋಷ್ ಸಂಸ್ಥೆಯ ಶಿಫಾರಸು 8 ಗಂಟೆಗೆ 85, ಅಲ್ಲಿಂದ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ. ಆ ಲೆಕ್ಕದಲ್ಲಿ 100 ಡೆಸಿಬಲ್‌ನಲ್ಲಿ ನಿಲ್ಲಬಹುದಾದದ್ದು 15 ನಿಮಿಷ. ನಮ್ಮ ಲೆಕ್ಕದಲ್ಲಿ 2 ಗಂಟೆ. ಕಿವಿ ಅದೇ, ಗದ್ದಲ ಅದೇ.)

ಇನ್ನು ಮೈಸೂರಿಗೆ ಬನ್ನಿ. ಅರಮನೆ, ಮಲ್ಲಿಗೆ, ದಸರಾ ಅಂತ ನಾವು ತೋರಿಸೋ ಮೈಸೂರಿನ ಹಿಂದೆ ಇನ್ನೊಂದು ಮೈಸೂರಿದೆ. 1912ರಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆ, ಅಶೋಕಪುರಂನ ರೈಲ್ವೆ ವರ್ಕ್‌ಶಾಪ್, ಮೇಟಗಳ್ಳಿ, ಹೆಬ್ಬಾಳ, ಹೂಟಗಳ್ಳಿ, ಆ ಕಡೆ ನಂಜನಗೂಡು. ಮಗ್ಗ, ಪ್ರೆಸ್, ಗ್ರೈಂಡಿಂಗ್, ಕಂಪ್ರೆಸರ್. ಸದ್ದಿಲ್ಲದ ಊರು ಅಂತ ನಿವೃತ್ತರು ಬಂದು ನೆಲೆಸುವ ಊರೇ ಇದು. ಇದೇ ಊರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ದೇಶದ ಬೇರೆ ಬೇರೆ ಊರುಗಳಲ್ಲಿ ಕಿವಿ ಪರೀಕ್ಷೆ ಮಾಡುತ್ತಿರುವ ಎಷ್ಟೋ ಆಡಿಯಾಲಜಿಸ್ಟ್‌ಗಳು ಕಲಿತದ್ದು ಅಲ್ಲಿ.

ಹಾಗಿದ್ದ ಮೇಲೆ ಮಿಷಿನ್ ಯಾಕೆ ಬೇಕು ಅಂತೀರಾ? ಲೆಕ್ಕ ಹಾಕಿ. 600 ಜನರ ಒಂದು ಕಾರ್ಖಾನೆ. ತಲೆಗೆ 10 ನಿಮಿಷ ಅಂದರೂ 100 ಗಂಟೆ. ಒಬ್ಬ ಆಡಿಯಾಲಜಿಸ್ಟ್ ದಿನಕ್ಕೆ 8 ಗಂಟೆ ಕೂತರೆ ಹನ್ನೆರಡೂವರೆ ದಿನ, ಊಟಕ್ಕೂ ಏಳದೆ. ಅದು ಒಂದು ಕಾರ್ಖಾನೆಗೆ. ಹಾಗಾಗಿ ಮಿಷಿನ್ ಬಂತು. ಬಂದದ್ದು ತಪ್ಪು ಅಂತ ನಾನು ಹೇಳ್ತಾ ಇಲ್ಲ.

ಅದು ಕೆಲಸ ಮಾಡುವ ರೀತಿ ಸರಳ. ಒಂದು ಸದ್ದು ಕೊಡುತ್ತೆ. ನೀವು ಬಟನ್ ಒತ್ತಿದರೆ 10 ಡೆಸಿಬಲ್ ಇಳಿಸುತ್ತೆ. ಒತ್ತದಿದ್ದರೆ 5 ಏರಿಸುತ್ತೆ. ಇಳಿದು, ಏರಿ, ಏರುವಾಗ ಯಾವ ಮಟ್ಟದಲ್ಲಿ ನೀವು ಮತ್ತೆ ಮತ್ತೆ ಸಿಗುತ್ತೀರೋ ಅದೇ ನಿಮ್ಮ ಶ್ರವಣದ ಹೊಸ್ತಿಲು. ಆಡಿಯಾಲಜಿಸ್ಟ್‌ಗಳು ದಶಕಗಳಿಂದ ಕೈಯಲ್ಲಿ ಮಾಡುತ್ತಿರುವುದೂ ಇದನ್ನೇ. ಯಂತ್ರಕ್ಕೆ ಬಿಡುವ ಆಲೋಚನೆಯೂ ಹೊಸದೇನಲ್ಲ. ಹಂಗೇರಿ ಮೂಲದ ಬೆಕೆಶಿ ಅನ್ನುವ ವಿಜ್ಞಾನಿ 1947ರಲ್ಲೇ, ಕೇಳುವವನೇ ಬಟನ್ ಹಿಡಿದು ತನ್ನ ಗ್ರಾಫನ್ನು ತಾನೇ ಬರೆದುಕೊಳ್ಳುವ ಯಂತ್ರದ ಬಗ್ಗೆ ಬರೆದಿದ್ದ. ಕಿವಿಯ ಮೇಲಿನ ಕೆಲಸಕ್ಕೆ 1961ರಲ್ಲಿ ಅವನಿಗೆ ನೊಬೆಲ್ ಬಂತು.

ಮಿಷಿನ್ ಮನುಷ್ಯನಷ್ಟು ಚೆನ್ನಾಗಿ ಅಳೆಯುತ್ತಾ? ಅಳೆಯುತ್ತೆ. 2013ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ವಿಶ್ವವಿದ್ಯಾಲಯದ ಸಂಶೋಧಕರು, ಅಲ್ಲಿಯವರೆಗೆ ಬಂದಿದ್ದ 29 ವರದಿಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸರಾಸರಿ ತೆಗೆದರೆ ಯಂತ್ರದ ಫಲಿತಾಂಶಕ್ಕೂ ಕೈಪರೀಕ್ಷೆಯ ಫಲಿತಾಂಶಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಗಣಿಗಳ ದೇಶ ಅದು, ಗದ್ದಲದ ಕಿವುಡು ಅವರಿಗೆ ಚೆನ್ನಾಗಿ ಗೊತ್ತು.

ಆದರೆ "ಸರಾಸರಿ" ಅನ್ನೋ ಪದ ಕೇಳಿದ ತಕ್ಷಣ ಎಚ್ಚರವಾಗಬೇಕು. ಅಗ್ರಹಾರದ ಹೋಟೆಲಿನಲ್ಲಿ ನಾನು ಎರಡು ಪ್ಲೇಟ್ ಮಸಾಲೆ ದೋಸೆ ತಿಂದೆ, ನೀವು ಹಸಿದು ಕೂತಿರಿ. ಸರಾಸರಿ ತಲೆಗೊಂದು ಪ್ಲೇಟ್. ಹಾಗೇ ಒಂದು ಮಿಷಿನ್ ಒಬ್ಬನಿಗೆ 10 ಡೆಸಿಬಲ್ ಹೆಚ್ಚು ತೋರಿಸಿ, ಇನ್ನೊಬ್ಬನಿಗೆ 10 ಕಡಿಮೆ ತೋರಿಸಿದರೆ ಸರಾಸರಿ ವ್ಯತ್ಯಾಸ ಸೊನ್ನೆ. ಕಂಪನಿಯ ಬ್ರೋಶರ್‌ನಲ್ಲಿ ಹಾಕಿಕೊಳ್ಳೋಕೆ ಬಹಳ ಚೆಂದ. ಕೆಲಸಗಾರನಿಗೆ ಉಪಯೋಗವಿಲ್ಲ. ಯಾಕೆ ಗೊತ್ತಾ? ಅಮೆರಿಕದ ನಿಯಮದಲ್ಲಿ 2,000, 3,000, 4,000 ಹರ್ಟ್ಸ್‌ಗಳ ಸರಾಸರಿ 10 ಡೆಸಿಬಲ್ ಕುಸಿದರೆ ಅಲ್ಲಿಗೆ ಎಚ್ಚರಿಕೆಯ ಗಂಟೆ. ಹಿಡಿಯಬೇಕಾದ ಕಳ್ಳನೇ 10 ಡೆಸಿಬಲ್‌ನವನು. ಹಿಡಿಯೋಕೆ ಹೋದ ಪೊಲೀಸನೇ 10 ಅತ್ತಿತ್ತ ತೂರಾಡುತ್ತಿದ್ದರೆ?

ಆದ್ದರಿಂದ ಮಿಷಿನ್ ಕೊಳ್ಳುವ ಮೊದಲು ಕೇಳಬೇಕಾದದ್ದು ಸರಾಸರಿಯನ್ನಲ್ಲ. ಒಂದಷ್ಟು ಕೆಲಸಗಾರರನ್ನು, ಬರೀ ಚೆನ್ನಾಗಿ ಕೇಳುವ ಟ್ರೈನಿಗಳನ್ನಲ್ಲ, ಕಿವಿ ಮಂದವಾದ ಹಳಬರನ್ನೂ ಸೇರಿಸಿ, ಇದೇ ಮಿಷಿನ್‌ನಲ್ಲಿ ಎರಡು ಸಲ, ಆಡಿಯಾಲಜಿಸ್ಟ್ ಹತ್ತಿರ ಒಂದು ಸಲ ಪರೀಕ್ಷೆ ಮಾಡಿಸಿ. ನೂರರಲ್ಲಿ ಎಷ್ಟು ಜನರ ಅಂಕಿ 5 ಡೆಸಿಬಲ್‌ನೊಳಗೆ ತಾಳೆಯಾಯಿತು? ತಾಳೆಯಾಗದವರು ಯಾರು? ಅವರದ್ದೇ ಮುಖ್ಯ.

ನನ್ನ ಅನುಭವ ಒಂದು ಹೇಳ್ತೀನಿ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆ, ಹೆಸರು ಬೇಡ. ವಾರ್ಷಿಕ ಕಿವಿ ತಪಾಸಣೆ ಇದೆ ಅಂತ ಶೂಟಿಂಗ್‌ಗೆ ಹೋಗಿದ್ದೆವು. ಫಸ್ಟ್ ಏಡ್ ರೂಮು. ಗೋಡೆಯಾಚೆ ಏರ್ ಕಂಪ್ರೆಸರ್. ಮೇಲೆ ಫ್ಯಾನು. ಮೇಜಿನ ಮೇಲೆ ಒಂದು ಟ್ಯಾಬ್ಲೆಟ್, ಒಂದು ಹೆಡ್‌ಫೋನ್. ಟೆಕ್ನಿಷಿಯನ್ ಹುಡುಗ ಹೆಮ್ಮೆಯಿಂದ ಹೇಳಿದ, "ಸಾರ್, ಫುಲ್ ಆಟೊಮ್ಯಾಟಿಕ್. ನಾವು ಏನೂ ಮಾಡೋ ಹಾಗಿಲ್ಲ, ತಪ್ಪಾಗೋಕೆ ಚಾನ್ಸೇ ಇಲ್ಲ."

ನನಗೂ ಕುತೂಹಲ. ಇಷ್ಟು ವರ್ಷ ಕಿವಿಗೆ ಇಯರ್‌ಪೀಸ್ ತುರುಕಿಕೊಂಡು, ಪಿಸಿಆರ್‌ನಿಂದ ಪ್ರೊಡ್ಯೂಸರ್ ಕಿರುಚೋದನ್ನು ಕೇಳಿದವನು ನಾನು. ಕೂತೆ. ಎಡಕಿವಿ, 500 ಹರ್ಟ್ಸ್‌ನಲ್ಲಿ 35. 1,000ದಲ್ಲಿ 30. 4,000ದಲ್ಲಿ 20. "ಸಾರ್, ನಿಮಗೆ ಮೈಲ್ಡ್ ಲಾಸ್ ಇದೆ" ಅಂದ. ನಿಜಕ್ಕೂ ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಊಟದ ಬೆಲ್ ಆಯಿತು, ಕಂಪ್ರೆಸರ್ ನಿಂತಿತು. ಫ್ಯಾನ್ ಆಫ್ ಮಾಡಪ್ಪಾ, ಇನ್ನೊಂದು ಸಲ ನೋಡೋಣ ಅಂದೆ. 500ರಲ್ಲಿ 15. 1,000ದಲ್ಲಿ 15. 4,000ದಲ್ಲಿ ಅದೇ 20.

ಇಪ್ಪತ್ತು ನಿಮಿಷದಲ್ಲಿ ನನ್ನ ಕಿವಿ ವಾಸಿಯಾಗಲಿಲ್ಲ, ರೂಮು ವಾಸಿಯಾಯಿತು. ಕಂಪ್ರೆಸರ್‌ನಂಥ ಯಂತ್ರದ ಗೊರಗೊರ ಕೆಳಗಿನ ಕಂಪನದ ಸದ್ದು. ಅದು ಹೆಡ್‌ಫೋನ್ ದಾಟಿ ಬಂದು 500, 1,000 ಹರ್ಟ್ಸ್‌ನ ಸಣ್ಣ ಸದ್ದುಗಳನ್ನು ನುಂಗುತ್ತೆ. 4,000ವನ್ನು ಅಷ್ಟಾಗಿ ಮುಟ್ಟೋದಿಲ್ಲ. ಮಿಷಿನ್ ಸುಳ್ಳು ಹೇಳಲಿಲ್ಲ. ನಾನು ಯಾವ ಮಟ್ಟದಲ್ಲಿ ಬಟನ್ ಒತ್ತಿದೆನೋ ಅದನ್ನೇ ಬರೆಯಿತು. ಯಾಕೆ ಒತ್ತಲಿಲ್ಲ ಅನ್ನೋದು ಅದಕ್ಕೆ ಗೊತ್ತಿಲ್ಲ. ಎದುರಿಗೆ ಅನುಭವಿ ಆಡಿಯಾಲಜಿಸ್ಟ್ ಕೂತಿದ್ದರೆ ಕಂಪ್ರೆಸರ್ ಅವರ ಕಿವಿಗೂ ಬೀಳುತ್ತಿತ್ತು, ಅಲ್ಲೇ ನಿಲ್ಲಿಸುತ್ತಿದ್ದರು. ಒಳ್ಳೆಯ ಮಿಷಿನ್‌ಗಳಲ್ಲಿ ಇದಕ್ಕೂ ಉಪಾಯವಿದೆ. ಹೆಡ್‌ಫೋನಿಗೆ ಹೊರಗಡೆ ಒಂದು ಮೈಕ್, ರೂಮಿನ ಗದ್ದಲ ಮಿತಿ ಮೀರಿದರೆ ಪರೀಕ್ಷೆ ತಾನೇ ನಿಲ್ಲುತ್ತೆ. ಆ ಮೈಕ್ ಇಲ್ಲದ ಮಾಡೆಲ್ ಅಗ್ಗಕ್ಕೆ ಸಿಗುತ್ತೆ ಅಂತ ಕೊಂಡು, ಸೌಂಡ್‌ಪ್ರೂಫ್ ಬೂತ್‌ನ ಖರ್ಚೂ ಉಳಿಸಿದರೆ, ಉಳಿದ ದುಡ್ಡು ಯಾರ ಕಿವಿಯಿಂದ ಬಂತು?

ರೂಮಿನ ವಿಷಯ ಇಷ್ಟು ಹೇಳಿದ ಮೇಲೆ ಹೆಡ್‌ಫೋನ್ ವಿಷಯ ಎರಡೇ ಮಾತು. ಕೆಂಪು ಬಲಕ್ಕೆ, ನೀಲಿ ಎಡಕ್ಕೆ. ಓಲೆ, ಜುಮುಕಿ, ಕನ್ನಡಕ ತೆಗೆಸಬೇಕು, ಕೂದಲು ಸರಿಸಬೇಕು. ಕಿವಿಯೊಳಗೆ ಗುಗ್ಗೆ ಇದೆಯಾ ಅಂತ ಮೊದಲು ದೀಪ ಹಾಕಿ ನೋಡಬೇಕು. ಗುಗ್ಗೆಯೋ ನರವೋ ಅಂತ ಈ ತಪಾಸಣೆ ಮಿಷಿನ್ ಬಿಡಿಸಿ ಹೇಳಲ್ಲ. ಅದಕ್ಕೆ ಮೂಳೆಯ ಮೂಲಕ ಸದ್ದು ಕೊಟ್ಟು ನೋಡುವ ಬೇರೆ ಪರೀಕ್ಷೆ ಬೇಕು.

ಭಾಷೆ? ಇದನ್ನು ಯಾರೂ ಯೋಚಿಸಲ್ಲ. ಆ ಟ್ಯಾಬ್ಲೆಟ್‌ನಲ್ಲಿ ಸೂಚನೆ ಇಂಗ್ಲಿಷ್‌ನಲ್ಲಿತ್ತು. ಎದುರಿಗೆ ಕೂತವನು ಟಿ. ನರಸೀಪುರದ ಹುಡುಗ, ಅವನ ಹಿಂದೆ ಒಡಿಶಾದವನು. ಅವರಿಗೆ ಅರ್ಥವಾದದ್ದು "ಸೌಂಡ್ ಬಂದ್ರೆ ಒತ್ತು". ಹೇಳಬೇಕಾದದ್ದು "ತೀರಾ ಸಣ್ಣಗೆ, ಕೇಳಿತೋ ಇಲ್ಲವೋ ಅನ್ನೋ ಹಾಗೆ ಕೇಳಿಸಿದರೂ ಒತ್ತು". ಮೊದಲನೆಯದನ್ನು ಕೇಳಿದವನು ಸ್ಪಷ್ಟವಾಗಿ ಕೇಳಿಸುವ ತನಕ ಕಾಯ್ತಾನೆ. ಚೀಟಿಯಲ್ಲಿ ಅವನ ಕಿವಿ ಇರೋದಕ್ಕಿಂತ ಮಂದ ಆಗುತ್ತೆ. ಇನ್ನು ಕೆಲವರು ಸುಮ್ಮಸುಮ್ಮನೆ ಒತ್ತುತ್ತಾ ಹೋಗ್ತಾರೆ, ಕಿವುಡು ಅಂತ ಗೊತ್ತಾದರೆ ಕೆಲಸ ಹೋದೀತು ಅನ್ನೋ ಭಯ. ಸದ್ದು ಒಂದೇ ತಾಳದಲ್ಲಿ ಬಂದರೆ ತಾಳಕ್ಕೆ ಸರಿಯಾಗಿ ಒತ್ತಬಹುದು. ಆದ್ದರಿಂದ ಸದ್ದುಗಳ ನಡುವಿನ ಅಂತರ ಬದಲಾಗುತ್ತಿರಬೇಕು, ನಡುನಡುವೆ ಖಾಲಿ ಬಿಟ್ಟು ಎಷ್ಟು ಸಲ ಸುಳ್ಳೇ ಒತ್ತಿದ ಅಂತ ಮಿಷಿನ್ ಎಣಿಸಬೇಕು. ಆ ಎಣಿಕೆ ಚೀಟಿಯಲ್ಲಿ ಅಚ್ಚಾಗುತ್ತಾ? ಕೊಳ್ಳುವವರು ಕೇಳಿ.

ಮುಂದೆ ಮುದ್ರೆ. ದೇವರಾಜ ಮಾರ್ಕೆಟ್‌ನಲ್ಲಿ ಬಾಳೆಹಣ್ಣು ತೂಗುವ ತಕ್ಕಡಿಗೆ ಇಲಾಖೆಯ ಮುದ್ರೆ ಬೇಕು, ಅವಧಿ ಮುಗಿದರೆ ಮತ್ತೆ ಹಾಕಿಸಬೇಕು. ಕಿವಿ ತೂಗುವ ತಕ್ಕಡಿಗೆ? ಹೆಡ್‌ಫೋನ್ ಕೆಳಗೆ ಬೀಳುತ್ತೆ, ವೈರ್ ಸಡಿಲವಾಗುತ್ತೆ, 40 ಡೆಸಿಬಲ್ ಅಂತ ಪರದೆ ತೋರಿಸಿದರೂ ಕಿವಿಗೆ 30 ಬರುತ್ತೆ. ಅಮೆರಿಕದ ನಿಯಮದಲ್ಲಿ ಮಿಷಿನ್ ಬಳಸುವ ಪ್ರತಿ ದಿನವೂ, ಕಿವಿ ಮಟ್ಟ ಮೊದಲೇ ಗೊತ್ತಿರುವ ಒಬ್ಬ ಮನುಷ್ಯ ಅದನ್ನು ಹಾಕಿಕೊಂಡು ನೋಡಬೇಕು. ವರ್ಷಕ್ಕೊಮ್ಮೆ ಉಪಕರಣ ಇಟ್ಟು ಅಳೆಯಬೇಕು. ಎರಡು ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆ. ಮಜಾ ನೋಡಿ, ಅದೇ ನಿಯಮ ಆಟೊಮ್ಯಾಟಿಕ್ ಮಿಷಿನ್ ಓಡಿಸುವ ಟೆಕ್ನಿಷಿಯನ್‌ಗೆ ಸರ್ಟಿಫಿಕೇಟ್ ಬೇಕಿಲ್ಲ ಅಂತಲೂ ಹೇಳುತ್ತೆ. ಅದನ್ನು ನಾನು ಒಪ್ಪೋದಿಲ್ಲ. ಕಂಪ್ರೆಸರ್ ಸದ್ದನ್ನು ಗಮನಿಸೋಕೆ ಕಲಿಸಬೇಕು ಸ್ವಾಮಿ, ಅದು ಹುಟ್ಟಿನಿಂದ ಬರಲ್ಲ. ಹೆಬ್ಬಾಳದಲ್ಲಿ ಕ್ಯಾಲಿಬ್ರೇಷನ್ ಯಾವಾಗ ಆಯ್ತಪ್ಪಾ ಅಂತ ಕೇಳಿದ್ದಕ್ಕೆ ಆ ಹುಡುಗ ಮಿಷಿನ್ ತಿರುಗಿಸಿ ತಿರುಗಿಸಿ ಸ್ಟಿಕರ್ ಹುಡುಕಿದ. ಸಿಗಲಿಲ್ಲ. ಈ ಕೆಲಸ ಬಲ್ಲ ಸಂಸ್ಥೆ ಇರೋದು ಇದೇ ಊರಿನಲ್ಲಿ!

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಇದರ ಪೆಟ್ಟು ಬೀಳೋದು ಎಲ್ಲಿ ಅಂತ ನೋಡಿ. ಎಲ್ಲ ಚೀಟಿಗಳಲ್ಲಿ ಅತಿ ಮುಖ್ಯವಾದದ್ದು ಮೊದಲ ಚೀಟಿ, ಕೆಲಸಕ್ಕೆ ಸೇರಿದಾಗಿನದ್ದು. ಮುಂದಿನ ಎಲ್ಲ ವರ್ಷಗಳ ನಷ್ಟ ಅಳೆಯೋದು ಅದರಿಂದಲೇ. ಆ ಶಿಬಿರದಲ್ಲಿ ನನಗೊಬ್ಬ ಹುಡುಗ ಸಿಕ್ಕ. ಇಪ್ಪತ್ತಾರು ವಯಸ್ಸು, ಸೇರಿ ಹತ್ತು ದಿನ. ಬೆಳಗ್ಗೆ ಆರಕ್ಕೆ ನೈಟ್ ಶಿಫ್ಟ್ ಮುಗಿಸಿ, ಆರೂವರೆಗೆ ಅವನನ್ನು ಪರೀಕ್ಷೆಗೆ ಕೂರಿಸಿದ್ದರು. ರಾತ್ರಿಯಿಡೀ ಗದ್ದಲದಲ್ಲಿ ನಿಂತ ಕಿವಿ ತಾತ್ಕಾಲಿಕವಾಗಿ ಮಂಕಾಗಿರುತ್ತೆ. ದೀಪಾವಳಿ ರಾತ್ರಿ ಪಟಾಕಿ ಮುಗಿದ ಮೇಲೆ ಕಿವಿ ಗುಂಯ್ ಅನ್ನುತ್ತಲ್ಲ, ಹಾಗೆ. ವಿಶ್ರಾಂತಿ ಸಿಕ್ಕರೆ ಬಹುಮಟ್ಟಿಗೆ ಸುಧಾರಿಸುತ್ತೆ. ಅದಕ್ಕೇ ಮೊದಲ ಪರೀಕ್ಷೆಗೆ ಮುಂಚೆ 14 ಗಂಟೆ ಕೆಲಸದ ಗದ್ದಲದಿಂದ ದೂರ ಇರಬೇಕು ಅನ್ನೋದು ಅಮೆರಿಕದವರ ನಿಯಮ. ಇವನಿಗೆ ಸಿಕ್ಕಿದ್ದು ಅರ್ಧ ಗಂಟೆ.

ಈಗ ಲೆಕ್ಕ ಮಾಡಿ. ಒಬ್ಬನ ಕಿವಿಯ ನಿಜವಾದ ಮಟ್ಟ 10. ದಣಿದ ಕಿವಿ, ಅರ್ಥವಾಗದ ಸೂಚನೆ, ಎಲ್ಲ ಸೇರಿ ಮೊದಲ ಚೀಟಿಯಲ್ಲಿ 25 ಅಂತ ಬಂತು. ಐದು ವರ್ಷ ಕಳೆಯಿತು. ಗದ್ದಲ ಅವನ ಕಿವಿಯನ್ನು ನಿಜವಾಗಿಯೂ 25ಕ್ಕೆ ಇಳಿಸಿತು. ಆಗ ಮಿಷಿನ್ ಏನು ಹೇಳುತ್ತೆ? "ಬದಲಾವಣೆ ಇಲ್ಲ." ಎಚ್ಚರಿಕೆ ಇಲ್ಲ, ಜಾಗ ಬದಲಾವಣೆ ಇಲ್ಲ, ಒಳ್ಳೆಯ ಇಯರ್‌ಪ್ಲಗ್ ಇಲ್ಲ. ಮುಂದೆ ಪರಿಹಾರ ಕೇಳಲು ಹೋದರೆ ಎದುರಿನವರು ಆ ಚೀಟಿಯನ್ನೇ ಹಿಡಿದು ಹೇಳ್ತಾರೆ, "ಇವನು ಬರುವಾಗಲೇ ಹೀಗಿದ್ದ". ಮಿಷಿನ್‌ನ ಕೆಟ್ಟ ಪರೀಕ್ಷೆ ಎರಡೂ ಕಡೆಯವರಿಗೆ ಸಮಾನ ನಷ್ಟ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಿವಿ ಇರೋದಕ್ಕಿಂತ ಮಂದ ಅಂತ ತೋರಿಸುವ ಮೊದಲ ದಿನದ ತಪ್ಪು ಕೆಲಸಗಾರನ ಲೆಕ್ಕದಿಂದಲೇ ಕಳೆಯುತ್ತೆ.

ನಮ್ಮ ನಿಯಮದಲ್ಲೂ ಒಂದು ತೂತಿದೆ. ಮಾದರಿ ನಿಯಮ ಅಳೆಯಲು ಹೇಳುವ ಕಂಪನಗಳು 125, 250, 500, 1,000, 2,000, 4,000, 8,000. ಗದ್ದಲ ಮೊದಲು ಕೈ ಹಾಕುವ ಜಾಗದಲ್ಲೇ ಇರುವ 3,000 ಮತ್ತು 6,000 ಆ ಪಟ್ಟಿಯಲ್ಲಿಲ್ಲ. ಅಮೆರಿಕದ ಪಟ್ಟಿಯಲ್ಲಿವೆ. ಅಳೆಯಬಾರದು ಅಂತ ನಿಯಮ ಹೇಳಿಲ್ಲ. ಬಹಳಷ್ಟು ಮಿಷಿನ್‌ಗಳಲ್ಲಿ ಅವೆರಡನ್ನು ಸೇರಿಸೋದು ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಹಾಕುವಷ್ಟೇ ಕೆಲಸ.

ಆ ಹುಡುಗನ ವಿಷಯ ಹೇಳಿ ಮುಗಿಸ್ತೀನಿ. ವಾರದ ರಜೆಯ ಮಾರನೇ ಬೆಳಗ್ಗೆ, ಶಿಫ್ಟ್‌ಗೆ ಮುಂಚೆ, ಅರ್ಧ ದಿನ ರಜೆ ಹಾಕಿ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಪರೀಕ್ಷೆ ಮಾಡಿಸು, ಚೀಟಿ ಇಸ್ಕೋ ಅಂದಿದ್ದೆ. ಹೋದ. ಫೋನ್ ಮಾಡಿದ. "ಅಣ್ಣಾ, ಅಲ್ಲಿ ಎಲ್ಲಾ ಹದಿನೈದರೊಳಗೇ ಬಂತು. ಫ್ಯಾಕ್ಟರಿ ಚೀಟೀಲಿ ಮೂವತ್ತು ಇತ್ತು." ಎಚ್‌ಆರ್‌ಗೆ ಕೊಡು ಅಂದೆ. ಮೊದಲ ಸಲ, ನಮ್ಮ ಮಿಷಿನ್‌ದೇ ಸಾಕು ಅಂದರಂತೆ. ಎರಡನೇ ಸಲ ಅರ್ಜಿ ಬರೆದು, ಜೊತೆಗೆ ಚೀಟಿ ಪಿನ್ ಮಾಡಿ, ನಕಲಿನ ಮೇಲೆ ಸೀಲ್ ಹಾಕಿಸಿಕೊಂಡು ಬಂದ. ಫೈಲಿನಲ್ಲಿ ಈಗ ಎರಡು ಚೀಟಿಗಳಿವೆ. ಮುಂದಿನ ವರ್ಷ ಯಾವುದಕ್ಕೆ ಹೋಲಿಸುತ್ತಾರೆ ಅಂತ ಕೇಳಿದ್ದಕ್ಕೆ ಅವರು ಇನ್ನೂ ಉತ್ತರ ಕೊಟ್ಟಿಲ್ಲವಂತೆ. ಸೀಲ್ ಇರುವ ನಕಲು ಅವನ ಅಮ್ಮನ ಟ್ರಂಕಿನಲ್ಲಿ, ರೇಷನ್ ಕಾರ್ಡ್ ಜೊತೆಗಿದೆ.